ಕೆಮ್ಮಾಸುರನ ಹಗಲಾಟ

ನಮ್ಮ ಸಂಶೋಧನೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲು ಆಗುತ್ತಿರಲಿಲ್ಲ. ಶ್ವಾಸಕೋಶದ ಕಾಯಿಲೆಯ ಮೇಲೆ ಕೆಲಸ ಮಾಡುವವರು ಇಂಥ ಹೆಸರಿಟ್ಟರೆ ಹೇಗೆ ಎಂದು ನಾನು ಮೊದಲ ದಿನವೇ ಕೇಳಿದ್ದೆ. 'ಗ್ರಾಮೀಣ ಕ್ಷಯರೋಗ ಪತ್ತೆಯಲ್ಲಿ ಕಲೆ, ಸಮಾಜಕಾರ್ಯ ಹಾಗೂ ಆರೋಗ್ಯ ವಿಜ್ಞಾನಗಳ ಸಂಯುಕ್ತ ಪಾತ್ರದ ಕುರಿತು ಒಂದು ಪ್ರಾಯೋಗಿಕ ಅಧ್ಯಯನ.' ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆರೋಗ್ಯ ವಿಜ್ಞಾನ ಎಂದರೆ ಬೆಂಗಳೂರಿನಿಂದ ಬಂದಿದ್ದ ಒಬ್ಬ ತರುಣ ಡಾಕ್ಟರು. ಕಲೆ ಎಂದರೆ ತರೀಕೆರೆಯ ಹೈಸ್ಕೂಲಿನಿಂದ ಎರವಲು ತಂದಿದ್ದ ಡ್ರಾಯಿಂಗ್ ಮೇಷ್ಟ್ರು. ಸಮಾಜಕಾರ್ಯ ಎಂದರೆ ನಾನು, ಕಡೂರಿನ ಕೊಬ್ಬರಿ ಮಂಡಿಯ ಬೀದಿಯಲ್ಲಿ ಹುಟ್ಟಿ, ಜೋರು ಬಾಯಿಗೆ ಹೆಸರಾಗಿ, ಆ ಬಾಯಿಯ ಮೇಲೆಯೇ ಒಂದು ಡಿಗ್ರಿ ಪಡೆದು ಬಂದವಳು. ಮೂವರಿಗೂ ಉಳಿದಿಬ್ಬರು ಯಾಕೆ ಬೇಕು ಎಂಬುದು ಅರ್ಥವಾಗಿರಲಿಲ್ಲ.

ಅಜ್ಜಂಪುರದಲ್ಲಿ ಮುಚ್ಚಿಹೋದ ಎಣ್ಣೆ ಮಿಲ್ಲಿನ ಮುಂದಿನ ಕೋಣೆ ನಮ್ಮ ಆಫೀಸು. ಡಾಕ್ಟರ ಮೈಕ್ರೋಸ್ಕೋಪು ಕಿಟಕಿಯ ಕಟ್ಟೆಯ ಮೇಲೆ ಕೂತಿರುತ್ತಿತ್ತು. ಅದಕ್ಕೆ ದೀಪವಿರಲಿಲ್ಲ, ಕನ್ನಡಿಯಿಂದ ಬಿಸಿಲು ಹಿಡಿದು ನೋಡಬೇಕು. ಮೋಡ ಬಂದರೆ ವಿಜ್ಞಾನ ನಿಂತುಹೋಗುತ್ತಿತ್ತು.

ಕೆಲಸ ನೋಡಲು ಸುಲಭ. ನಾನು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಬಹಳ ದಿನದಿಂದ ಕೆಮ್ಮುತ್ತಿರುವವರನ್ನು ಹುಡುಕಿ, ಅವರ ಕಫ ತರಬೇಕು. ಡಾಕ್ಟರು ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಬೇಕು. ಮೇಷ್ಟ್ರು ಜನರಿಗೆ ತಿಳಿಯುವ ಹಾಗೆ ಚಿತ್ರ ಬರೆಯಬೇಕು. ನಾವು ಹಿಡಿದದ್ದು ಅಂತರಘಟ್ಟೆ ರಸ್ತೆಯಲ್ಲಿ ಬಸ್ಸಿಳಿದು, ಈರುಳ್ಳಿ ಹೊಲಗಳ ನಡುವೆ ಒಂದಷ್ಟು ದೂರ ನಡೆದರೆ ಸಿಗುವ ಊರು. ಅಲ್ಲಿ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮನೇಲಿ ಯಾರಿಗಾದ್ರೂ ಕೆಮ್ಮು ಇದೆಯಾ?"

ವಾರ ಕಳೆಯುವುದರೊಳಗೆ ನನಗೆ 'ಕೆಮ್ಮಮ್ಮ' ಎಂದು ನಾಮಕರಣವಾಯಿತು. ನಾನು ಬೀದಿಗೆ ಕಾಲಿಟ್ಟರೆ ಊರಿಗೆ ಊರೇ ಉಸಿರು ಬಿಗಿಹಿಡಿದುಕೊಂಡು ನಿಲ್ಲುತ್ತಿತ್ತು. ಮುಂದಿನ ಮನೆಗೆ ದಾಟಿದೆನೋ ಇಲ್ಲವೋ, ಹಿಂದಿನ ಮನೆಯಲ್ಲಿ ಕೆಮ್ಮು ಒಡೆದುಕೊಂಡು ಹೊರಡುತ್ತಿತ್ತು. ತಿರುಗಿ ಓಡಿಹೋಗಿ ಕೇಳಿದರೆ, "ಅದಾ? ಕೋಳಿ ಕಣಮ್ಮ," ಅನ್ನುತ್ತಿದ್ದರು. ಕೋಳಿ ಗಂಟಲು ಸರಿಮಾಡಿಕೊಂಡು ಬೀಡಿ ಹಚ್ಚಿದ್ದು ನನ್ನ ಕಿವಿಗೆ ಬಿದ್ದಿದೆ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕ್ಷಯ ಎಂಬ ಮಾತು ಹೊರಬಿದ್ದರೆ ಲೋಟ ಬೇರೆಯಾಗುತ್ತದೆ, ಪಂಕ್ತಿಯಲ್ಲಿ ಪಕ್ಕದ ಎಲೆ ಖಾಲಿಯಾಗುತ್ತದೆ, ಮಗಳಿಗೆ ಬಂದ ಗಂಡು ವಾಪಸು ಹೋಗುತ್ತದೆ.

ಕಾಡಿ ಬೇಡಿ ಕೆಲವರಿಗೆ ಕಫದ ಡಬ್ಬಿ ಕೊಟ್ಟೆ. "ಬೆಳಿಗ್ಗೆ ಎದ್ದ ಕೂಡಲೇ, ಎದೆಯಿಂದ ಕೆಮ್ಮಿ ಇದರೊಳಗೆ ಉಗೀರಿ," ಎಂದು ಹೇಳಿಕೊಟ್ಟೆ. ಡಬ್ಬಿಗಳು ಬಂದವು. ಡಾಕ್ಟರು ಮೊದಲನೆಯದರ ಮುಚ್ಚಳ ತೆರೆದು ಬೆಚ್ಚಿಬಿದ್ದರು. ರಕ್ತ! ಎರಡನೆಯದೂ ಕೆಂಪು. ಮೂರನೆಯದೂ ಕೆಂಪು. "ರೀ, ಊರು ಪೂರ್ತಿ ಹೋಗ್ಬಿಟ್ಟಿದೆ!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ನಾನು ಬಗ್ಗಿ ಮೂಸಿದೆ. ಎಲೆ, ಅಡಿಕೆ, ಸುಣ್ಣ, ಒಂದರಲ್ಲಿ ಲವಂಗ ಕೂಡ.

ಮಾರನೆಯ ದಿನ ಹೋಗಿ ಒಬ್ಬ ಯಜಮಾನರನ್ನು ತರಾಟೆಗೆ ತೆಗೆದುಕೊಂಡೆ. ಅವರು ನನ್ನನ್ನು ತಿಳಿಗೇಡಿಯ ಹಾಗೆ ನೋಡಿದರು. "ಏನಮ್ಮಾ ನೀನು! ಓದ್ದೋರು, ಡಾಕ್ಟ್ರು, ಮೂಗಿನ ಹತ್ರ ಇಟ್ಕೊಂಡು ನೋಡೋರು. ವಾಸನೆ ಬಾಯಲ್ಲಿ ಉಗಿಯಾಕಾಯ್ತದಾ? ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕ್ಕಂಡು, ಮರ್ಯಾದೆಯಾಗಿ ಉಗಿದಿವ್ನಿ."

ಹೀಗೆ ಮರ್ಯಾದೆಯೇ ನಮ್ಮ ಸಂಶೋಧನೆಗೆ ಅಡ್ಡ ಬಂದಿತು.

ಆ ಊರಿನಲ್ಲಿ ನನ್ನ ನಿದ್ದೆ ಕೆಡಿಸಿದವನು ಒಬ್ಬನೇ ಒಬ್ಬ. ಎಲ್ಲರೂ ಅವನನ್ನು 'ರಕ್ಕಸ' ಎಂದು ಕರೆಯುತ್ತಿದ್ದರು. ಹೆಂಡತಿಯೂ ಹಾಗೇ ಹೇಳುತ್ತಿದ್ದಳು, "ನಮ್ಮ ರಕ್ಕಸ ಹೊಲಕ್ಕೋಗವ್ನೆ." ಆ ಊರಿನಲ್ಲಿ ಮೂಡಲಪಾಯದ ಮೇಳವಿತ್ತು. ನಮ್ಮ ಬಯಲುಸೀಮೆಯ ಆ ಬಯಲಾಟದಲ್ಲಿ ಅವನು ತಲೆತಲಾಂತರದಿಂದ ಬಂದ ರಾಕ್ಷಸ ಪಾತ್ರದವನು. ತೆರೆಯ ಹಿಂದಿನಿಂದ ಅವನು ಒಮ್ಮೆ ಆರ್ಭಟಿಸಿದರೆ ಕಟ್ಟಿಹಾಕಿದ ಎಮ್ಮೆಗಳು ಹಗ್ಗ ಕಿತ್ತುಕೊಂಡು ಹೋಗುತ್ತಿದ್ದವಂತೆ. ನಾನು ಕಂಡ ಕಾಲಕ್ಕೆ ಅವನ ಭುಜದ ಎಲುಬು ಅಂಗಿಯ ಒಳಗಿನಿಂದ ಕಾಣುತ್ತಿತ್ತು. ಡಾಕ್ಟರು ಅವನನ್ನು ಬೀದಿಯಲ್ಲಿ ನೋಡಿದವರೇ ನನ್ನ ಕಡೆ ತಿರುಗಿ, "ಇವರ ಕಫ ಬೇಕೇ ಬೇಕು. ಹೀಗೇ ಬಿಟ್ಟರೆ ಮುಂದಿನ ಸುಗ್ಗಿ ನೋಡೋದು ಕಷ್ಟ," ಎಂದರು.

ಅವನೋ, ಡಬ್ಬಿ ಕಂಡರೆ ಹಿತ್ತಿಲ ಬೇಲಿ ಹಾರುತ್ತಿದ್ದ. "ನಂಗೆ ಕೆಮ್ಮಲ್ಲ ಕಣಮ್ಮ, ಅದು ಬಣ್ಣದ ಪುಡಿ ಗಂಟ್ಲಿಗೆ ಹೋಗಿರೋದು," ಎನ್ನುತ್ತಿದ್ದ. ಬಾಯಲ್ಲಿ ಸದಾ ಎಲೆ ಅಡಿಕೆ. ಅವನ ಹೆಂಡತಿ ಮಾತ್ರ ಒಂದು ದಿನ ನೀರು ಸೇದುತ್ತಾ ನನ್ನ ಹತ್ತಿರ ಹೇಳಿದಳು: "ಉಣ್ಣಾದು ಬಿಟ್ಟವ್ನೆ ಕಣವ್ವ. ಬರೀ ಎಲೆ ಅಡಿಕೆ. ನಿದ್ದೆಗಣ್ಣಲ್ಲಿ ಎದ್ದೂ ಅದ್ನೇ ಹುಡುಕ್ತಾನೆ. ಹೊದಿಯೋ ಕಂಬ್ಳಿಯೆಲ್ಲ ಕೆಂಪು ಕಲೆ, ಎಷ್ಟು ಒಗೀಲಿ ನಾನು?"

ಈ ಹೊತ್ತಿಗೆ ನಮ್ಮ ಮೇಲಿನ ಪ್ರೊಫೆಸರರಿಂದ ಒಂದು ಮಾತು ಬಂದಿತ್ತು. ಕಲೆಯ ಪಾತ್ರ ಎಲ್ಲಿ ಎಂದು. ಮೇಷ್ಟ್ರು ಹುರುಪಿನಿಂದ ಎದ್ದು ನಿಂತರು. "ಚಿತ್ರ ಬೇಡ, ಆಟ ಆಡಿಸೋಣ. ಈ ಊರ ಮೇಳವೇ ಆಡ್ಲಿ," ಎಂದರು. ಡಾಕ್ಟರು ಒಪ್ಪಿ, ತಾವೇ ಪ್ರಸಂಗ ಬರೆದು ತಂದರು. ಅದರಲ್ಲಿ ಒಬ್ಬ ಡಾಕ್ಟರು ಬಂದು, ಗಾಳಿ ಬೆಳಕಿನ ಬಗ್ಗೆ ಮಾತಾಡಿ, ಪೌಷ್ಟಿಕ ಆಹಾರದ ಬಗ್ಗೆ ಮಾತಾಡಿ, ಆಮೇಲೆ ಕ್ಷಯಾಸುರನನ್ನು ಕೊಲ್ಲುತ್ತಾನೆ. ಮೇಳದವರು ಗಂಭೀರವಾಗಿ ಕೇಳಿದರು. ಕೊನೆಗೆ ಭಾಗವತರು, ಅಂದರೆ ಹಾಡಿ ಆಟ ನಡೆಸುವವರು, ಒಂದೇ ಪ್ರಶ್ನೆ ಕೇಳಿದರು: "ಈ ಡಾಕ್ಟ್ರಿಗೆ ಕಿರೀಟ ಐತಾ?"

"ಇಲ್ಲ. ಬಿಳೀ ಕೋಟು."

"ಕುಣಿತ?"

"ಇಲ್ಲ."

"ಹಂಗಾರೆ ಈ ಪಾತ್ರ ಯಾರ್ ಮಾಡ್ತಾರೆ ಬುಡಿ. ಎಲ್ರೂ ರಕ್ಕಸನೇ ಆಯ್ತೀವಿ ಅಂತಾರೆ."

ಹಾಗೇ ಆಯಿತು. ಡಾಕ್ಟರ ಪಾತ್ರಕ್ಕೆ ಒಬ್ಬನೂ ಬರಲಿಲ್ಲ. ಆಗ ಮೇಷ್ಟ್ರು ಬಂಡಾಯವೆದ್ದರು. "ನೋಡಿ ಡಾಕ್ಟ್ರೇ, ಮೂಡಲಪಾಯದಲ್ಲಿ ಜನ ಕಿವಿ ನೆಟ್ಟಗೆ ಮಾಡಿ ಕೇಳೋದು ಯಾವಾಗ ಗೊತ್ತಾ? ರಾಕ್ಷಸ ಮೊದಲ ಸಲ ಬಂದಾಗ. ಸಾರಥಿ ಎದುರಿಗೆ ನಿಂತು, 'ಬಂದಂಥವರು ಧಾರು?' ಅಂತಾನೆ. ಆಗ ಬಂದವನು ತನ್ನ ಹೆಸರು, ಊರು, ಬಲ, ಎಲ್ಲಾ ಹೇಳಬೇಕು. ಸಾರಥಿ ಕೇಳಿದ್ಮೇಲೆ ಇಂದ್ರನಾದ್ರೂ ಸುಮ್ಮನಿರೋ ಹಾಗಿಲ್ಲ, ಬಣ್ಣಕ್ಕೇ ಅವಮಾನ. ನಿಮ್ಮ ಪಾಠವನ್ನೆಲ್ಲ ರಾಕ್ಷಸನ ಬಾಯಲ್ಲಿ ಇಡಿ. ಅವನೇ ಜಂಬ ಕೊಚ್ಚಿಕೊಳ್ಳಲಿ."

ಡಾಕ್ಟರು ಒಂದು ದಿನ ಮುನಿಸಿಕೊಂಡಿದ್ದು, ಆಮೇಲೆ ಕೂತು ಬರೆದರು. ಮೇಷ್ಟ್ರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಬೇರೆ ಊರಿನಿಂದ ತಂದಿದ್ದ ಒಂದು ಗಾಜಿನ ಪಟ್ಟಿಯನ್ನೂ ತೋರಿಸಿದರು. ಕಫ ಸವರಿದ ಗಾಜಿಗೆ ಕೆಂಪು ಬಣ್ಣ ಹಾಕಿ, ಕೆಳಗಿನಿಂದ ಬೆಂಕಿ ತೋರಿಸಿ, ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಹಾಕುತ್ತಾರೆ. ಉಳಿದದ್ದೆಲ್ಲ ನೀಲಿಯಾಗುತ್ತದೆ, ಕ್ಷಯದ ಕ್ರಿಮಿ ಮಾತ್ರ ಹಠ ಹಿಡಿದು ಕೆಂಪಾಗಿಯೇ ಉಳಿಯುತ್ತದೆ. ನೀಲಿ ನೆಲದ ಮೇಲೆ ಕೆಂಪು ಕಡ್ಡಿಗಳು. ಮೇಷ್ಟ್ರು ಕಣ್ಣು ತೆಗೆಯದೆ, "ಅಯ್ಯೋ, ಇದು ಅಪ್ಪಟ ವೇಷ ಕಣ್ರೀ!" ಎಂದರು. ಆ ವಾರವೇ ನೀಲಿ ಬಟ್ಟೆಯ ಮೇಲೆ ಕೆಂಪು ಕಡ್ಡಿ ಬರೆದ ರಾಕ್ಷಸನ ಉಡುಪು ಸಿದ್ಧವಾಯಿತು. ಕಲೆಯೂ ವಿಜ್ಞಾನವೂ ಮೊದಲ ಸಲ ಒಂದೇ ಮೇಜಿಗೆ ಬಗ್ಗಿದ್ದು ಅಂದು.

ರಕ್ಕಸನೇ ಪಾತ್ರ ಮಾಡಬೇಕು ಎಂದು ನಾನು ಹಠ ಹಿಡಿದೆ. ಅವನು ಹಿಗ್ಗಿಹೋದ. ತಾಲೀಮಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಡಾಕ್ಟರು ಕ್ರಿಮಿಯ ಶಾಸ್ತ್ರೀಯ ಹೆಸರನ್ನು ಹೇಳಿಸಲೇಬೇಕೆಂದು ಪಟ್ಟು ಹಿಡಿದಿದ್ದರು. "ಹೇಳಿ, ಮೈಕೋಬ್ಯಾಕ್ಟೀರಿಯಂ."

"ಮೈಕೊಬ್ಬು..."

"ಮೈಕೋ. ಬ್ಯಾಕ್ಟೀರಿಯಂ."

"ಮೈಕೊಬ್ಬಿದ ತೀರ್ಯ. ಸರಿಯಾಗೈತೆ ಬುಡಿ ಡಾಕ್ಟ್ರೇ, ರಕ್ಕಸನಿಗೆ ಮೈಕೊಬ್ಬು ಇರ್ಲೇಬೇಕು."

ಡಾಕ್ಟರು ಸೋತರು. ಹೆಸರು 'ಕೆಮ್ಮಾಸುರ' ಎಂದಾಯಿತು. ನನ್ನ ಅಡ್ಡಹೆಸರಿಗೆ ಗಂಡು ಜೋಡಿ ಸಿಕ್ಕಿತೆಂದು ಮೇಳದವರೆಲ್ಲ ನಕ್ಕರು. ತಾಲೀಮಿನಲ್ಲಿ ರಕ್ಕಸ ತನ್ನ ಜಂಬವನ್ನು ಬಾಯಿಪಾಠ ಮಾಡುತ್ತಿದ್ದ: ಸಂಜೆಗೆ ಜ್ವರ ತರುವಂಥವನು, ಬೆವರಿನಲ್ಲಿ ಹಾಸಿಗೆ ನೆನೆಸುವಂಥವನು, ಅನ್ನವನ್ನು ಕಹಿ ಮಾಡುವಂಥವನು. ದಿನ ಕಳೆದ ಹಾಗೆ ಅವನ ಗಂಟಲು ಸಣ್ಣಗಾಗುತ್ತಾ ಬಂದುದನ್ನು ನಾನು ಗಮನಿಸಿದೆ. ಮರೆತನೆಂದು ಭಾಗವತರು ಬೈದರು. ಮರೆತವನ ಮುಖ ಹಾಗಿರುವುದಿಲ್ಲ.

ಮುಂದಿನ ಜಗಳ ಹೊತ್ತಿನದು. ಬಯಲಾಟ ಎಂದರೆ ರಾತ್ರಿಯಿಡೀ ನಡೆಯುವಂಥದ್ದು. ಡಾಕ್ಟರಿಗೆ ಆಟ ಮುಗಿದ ಕೂಡಲೇ ಜನರ ಕೆಮ್ಮು ವಿಚಾರಿಸಿ ಡಬ್ಬಿ ಹಂಚಬೇಕು, ಅದಕ್ಕೆ ಆಟ ಹಗಲಿನಲ್ಲೇ ಆಗಬೇಕು. "ಹಗಲೊತ್ತು ಬಣ್ಣ ಹಚ್ಚಾದಾ? ರಕ್ಕಸನಿಗೆ ನಾಚ್ಕೆ ಆಗಲ್ವಾ?" ಎಂದು ಭಾಗವತರು ಕೂಗಾಡಿದರು. ಕೊನೆಗೆ ಮಧ್ಯಾಹ್ನದ ಊಟದ ಮೇಲೆ ಎಂದು ಒಪ್ಪಂದವಾಯಿತು. ಊರವರು ಅದಕ್ಕೆ 'ಹಗಲಾಟ' ಎಂದು ಹೆಸರಿಟ್ಟು, ನೋಡದಿದ್ದರೆ ನಷ್ಟ ಎಂದು ಕೂಸು ಕುನ್ನಿ ಸಮೇತ ಬಂದು ಕೂತರು.

ಬಣ್ಣ ಹಚ್ಚುವ ಹೊತ್ತಿಗೆ ನೋಡಿದರೆ ಸಾರಥಿ ಪಾತ್ರದವನೇ ಇಲ್ಲ. ಡಾಕ್ಟರು ಮುಂದಿನ ಸಾಲಿನಲ್ಲಿ ಡಬ್ಬಿಗಳ ಚೀಲ ಇಟ್ಟುಕೊಂಡು ಕೂರುತ್ತಾರೆ ಎಂದು ಕೇಳಿ, ಬೀಡಿ ಸೇದಿ ಸದಾ ಕೆಮ್ಮುತ್ತಿದ್ದ ಆ ಮಹಾನುಭಾವ ಬೆಳಗಿನ ಬಸ್ಸಿಗೇ ಅಮೃತಾಪುರದ ಅತ್ತೆ ಮನೆಗೆ ಓಡಿಹೋಗಿದ್ದ.

"ಆಟ ನಿಲ್ಸಿ," ಎಂದರು ಭಾಗವತರು. ಬಣ್ಣ ಹಚ್ಚುವ ಚೌಕಿಯ ಮೂಲೆಯಲ್ಲಿ ರಕ್ಕಸ ಅರ್ಧ ಬಣ್ಣ ಹಚ್ಚಿಸಿಕೊಂಡು ಕೂತಿದ್ದ. ಒಂದು ಕೆನ್ನೆ ರಾಕ್ಷಸ, ಒಂದು ಕೆನ್ನೆ ಬಡಕಲು ರೈತ. ಆಟ ನಿಂತರೆ ಇವನು ಮತ್ತೆ ಬೇಲಿ ಹಾರುತ್ತಾನೆ, ಇನ್ನು ಕೈಗೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನಾನು ಸಾರಥಿ ಆಗ್ತೀನಿ," ಎಂದೆ.

"ಹೆಂಗಸಾ!" ಎಂದರು ಭಾಗವತರು.

"ತಿಂಗಳುಗಟ್ಟಲೆ ಈ ಊರಲ್ಲಿ ಪ್ರಶ್ನೆ ಕೇಳ್ಕೊಂಡು ಅಲೆದವಳು ಯಾರು, ನೀವಾ? ಪ್ರಶ್ನೆ ಕೇಳೋದಕ್ಕೇ ನಂಗೆ ಸಂಬಳ ಕೊಡೋದು. ತನ್ನಿ ಆ ಪೇಟ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಷ್ಟ್ರು ಪೇಟವನ್ನು ನನ್ನ ತಲೆಗೆ ಬಿಗಿದೇಬಿಟ್ಟಿದ್ದರು. ಸೀರೆಯ ಮೇಲೆ ಪೇಟ ಕಟ್ಟಿಕೊಂಡು ಹಲಗೆ ಹಾಸಿದ ರಂಗದ ಅಟ್ಟ ಹತ್ತಿದೆ. "ಲೇ, ಕೆಮ್ಮಮ್ಮ ಕಣ್ರೋ!" ಎಂದು ಜನ ಕೂಗಿದರು. ಅಭ್ಯಾಸಬಲದಿಂದ ಹಲವರು ಉಸಿರು ಬಿಗಿಹಿಡಿದರು.

ಮದ್ದಳೆ ಸಿಡಿಯಿತು. ತೆರೆ ಸರಿಯಿತು. ಸುಡುವ ಬಿಸಿಲಿನಲ್ಲಿ ಕೆಮ್ಮಾಸುರ ಬಂದ. ಕೆಂಪು ಮುಖ, ನೀಲಿ ಮೈ, ಮೈತುಂಬ ಕೆಂಪು ಕಡ್ಡಿ. ಆರ್ಭಟಿಸಿದ. ಅರ್ಧಕ್ಕೇ ಆರ್ಭಟ ಮುರಿದು ಕೆಮ್ಮಾಯಿತು. ಪಾತ್ರವೇ ಹಾಗೆ ಎಂದು ಜನ ಚಪ್ಪಾಳೆ ಹೊಡೆದರು.

"ಬಂದಂಥವರು ಧಾರು?" ಎಂದೆ.

"ಭಲಾ ಸಾರಥಿ! ನಾನು ಧಾರೆಂದರೆ, ಸಂಜೆಯ ಜ್ವರಕ್ಕೆ ಒಡೆಯನಾದಂಥ, ಹಾಸಿಗೆಯ ಬೆವರಿಗೆ ಅರಸನಾದಂಥ, ಉಂಡ ಅನ್ನ ಮೈಗೆ ಹತ್ತದಂತೆ ಮಾಡುವಂಥ ಕೆಮ್ಮಾಸುರನೆಂದು ತಿಳಿಯುವಂಥವನಾಗು!"

ಜನ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡು ಹೇಳಿದ್ದ ಮಾತುಗಳೇ ಅವು. ಆಗ ಒಬ್ಬರೂ ಕಿವಿ ಕೊಟ್ಟಿರಲಿಲ್ಲ.

"ಎಲೈ ಕೆಮ್ಮಾಸುರಾ, ತಮ್ಮ ವಾಸ ಎಲ್ಲಿ?"

ಡಾಕ್ಟರು ಬರೆದಿದ್ದ ಉತ್ತರ, 'ಗಾಳಿ ಬೆಳಕು ಇಲ್ಲದ ಕತ್ತಲ ಮನೆಗಳಲ್ಲಿ' ಎಂದು. ರಕ್ಕಸ ಗದೆಯನ್ನು ನೆಲಕ್ಕೆ ಊರಿ ನಿಂತ. ಭಾಗವತರು ತಾಳ ಕುಟ್ಟಿ ಎಚ್ಚರಿಸಿದರು. ಅವನು ಬಲಗೈ ಎತ್ತಿ ತನ್ನ ಎದೆಯನ್ನೇ ಬಡಿದುಕೊಂಡ.

"ಇಲ್ಲಿ ಸಾರಥಿ! ಈ ವೇಷ ಕಟ್ಟಿದ ಗೌಡನ ಎದೆಯಲ್ಲಿ! ಹೋದ ವರ್ಷದ ಸುಗ್ಗಿಯಿಂದ ಇಲ್ಲೇ ಬಿಡಾರ ಹೂಡಿರುವಂಥವನು!"

ಜನ ಹೋ ಎಂದರು. ಎಂಥ ಚಮತ್ಕಾರ ಎಂದು ಸಿಳ್ಳೆ ಹಾಕಿದರು. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದಳು. ಬಣ್ಣವಿಲ್ಲದ ಮುಖದಲ್ಲಿ ಅವನು ಯಾವ ಜನ್ಮಕ್ಕೂ ಹೇಳಲಾರದಿದ್ದ ಮಾತು ಅದು. ಈಗ ನಾನು ಸಾರಥಿಯ ಮಾತು ನಿಲ್ಲಿಸಿದರೆ ಅವನು ಒಂಟಿಯಾಗಿಬಿಡುತ್ತಾನೆ. ಜೋರಾಗಿ ಕೇಳಿದೆ: "ತಮ್ಮನ್ನು ಹೊರಗೆ ಹಾಕುವಂಥ ಉಪಾಯ ಯಾವುದು?"

"ಡಾಕ್ಟರ ಡಬ್ಬಿ ತರುವಂಥವನಾಗು!"

ಡಾಕ್ಟರು ಚಪ್ಪಲಿ ಬಿಟ್ಟು ಅಟ್ಟ ಹತ್ತಿದರು. ಇಡೀ ಊರಿನ ಎದುರಿಗೆ, ಕಿರೀಟ ಹೊತ್ತುಕೊಂಡೇ, ಕೆಮ್ಮಾಸುರ ಎದೆಯ ಆಳದಿಂದ ಕೆಮ್ಮಿ ಡಬ್ಬಿಗೆ ಉಗಿದ. ಮದ್ದಳೆಯವನು ಪ್ರತಿ ಕೆಮ್ಮಿಗೂ ಒಂದು ಪೆಟ್ಟು ಹಾಕಿದ. ಡಾಕ್ಟರು ಡಬ್ಬಿಯೊಳಗೆ ನೋಡಿ ನನ್ನ ಕಿವಿಯಲ್ಲಿ ಗೊಣಗಿದರು, "ಥೂ, ಇವರೂ ಎಲೆ ಅಡಿಕೆ ಹಾಕ್ಕೊಂಡಿದ್ದಾರೆ."

ಚೀಲ ಹಿಡಿದು ಜೊತೆಗೆ ಹತ್ತಿದ್ದ ಮೇಷ್ಟ್ರು ಮೆಲ್ಲಗೆ, "ಬಣ್ಣ ಹಚ್ಚಿದ ಮೇಲೆ ಮೇಳದವರು ಎಲೆ ಅಡಿಕೆ ಮುಟ್ಟೋದಿಲ್ಲ ಡಾಕ್ಟ್ರೇ," ಎಂದರು.

ಕಂಬಳಿಯ ಕೆಂಪು ಕಲೆಗಳು, ಸದಾ ಬಾಯಲ್ಲಿದ್ದ ಎಲೆ ಅಡಿಕೆ, ಎಲ್ಲ ನನಗೆ ಆಗ ಹೊಳೆಯಿತು. ಅವನು ರಕ್ತವನ್ನು ಅಡಿಕೆಯ ಕೆಂಪಿನಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದ. ನನಗೆ ಅಳು ಬಂತು. ಪೇಟ ಕಟ್ಟಿದ ಸಾರಥಿ ಅಳಬಾರದು ಎಂದು ನುಂಗಿಕೊಂಡೆ.

ಆಟ ಮುಗಿದ ಮೇಲೆ ಆದದ್ದು ನೋಡಬೇಕಿತ್ತು. ಡಬ್ಬಿ ಕೇಳಿಕೊಂಡು ಜನ ಸಾಲು ನಿಂತರು. ರಕ್ಕಸನೇ ಉಗಿದ ಮೇಲೆ ನಮ್ಮದೇನು ಎಂದು. ಒಬ್ಬಳು ಅಜ್ಜಿ ಸೊಂಟಕ್ಕೆ ಕೈಯಿಟ್ಟು, "ಭಲಾ ಸಾರಥಿ! ಮೂರು ತಿಂಗ್ಳಿಂದ ಕೆಮ್ಮುವಂಥವಳು ನಾನು ಕಣವ್ವ," ಎಂದಳು. ಎಲ್ಲರೂ ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿಯೇ ಬರುತ್ತೇವೆ ಎಂದರು. ಓಡಿಹೋಗಿದ್ದ ಸಾರಥಿ ಮಾರನೆಯ ದಿನ ಬಂದು, ತನ್ನ ಪಾತ್ರವನ್ನು ಹೆಂಗಸು ಕಸಿದುಕೊಂಡಳು ಎಂದು ಕೂಗಾಡಿ, ಪರಿಹಾರವಾಗಿ ತನಗೂ ಒಂದು ಡಬ್ಬಿ ಬೇಕೆಂದು ಹಠ ಮಾಡಿ ಇಸಿದುಕೊಂಡು ಹೋದ. ಅವನದು ಬರೀ ಬೀಡಿಯ ಕೆಮ್ಮು.

ರಕ್ಕಸನ ಪಟ್ಟಿಯಲ್ಲಿ ಕೆಂಪು ಕಡ್ಡಿಗಳು ತುಂಬಿದ್ದವು. ಅವನನ್ನೇ ಕರೆದು ತೋರಿಸಿದೆವು. ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ. "ಇಷ್ಟಿಷ್ಟೇ ಅವೆ! ಇವಕ್ಕಾ ನಾನು ಅಷ್ಟು ದೊಡ್ಡ ಕಿರೀಟ ಹೊತ್ತಿದ್ದು?" ಎಂದು ಬೇಜಾರು ಮಾಡಿಕೊಂಡ.

ಆಗಿನ ಚಿಕಿತ್ಸೆ ದೀರ್ಘ. ಮೊದಲ ತಿಂಗಳುಗಳಲ್ಲಿ ಸೂಜಿ, ಜೊತೆಗೆ ಮಾತ್ರೆ, ಆಮೇಲೆ ವರ್ಷ ದಾಟುವವರೆಗೆ ಮಾತ್ರೆ. ಅವನು ತಾನಾಗಿಯೇ ಹಾಸಿಗೆಯನ್ನು ಜಗಲಿಗೆ ಹಾಕಿಕೊಂಡ, ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡ. ಕೆಲವು ವಾರಗಳ ಮೇಲೆ ಡಾಕ್ಟರು, ಇನ್ನು ಭಯವಿಲ್ಲ, ಒಳಗೆ ಹೋಗಿ ಎಂದರೂ ಕೇಳಲಿಲ್ಲ. "ಒಳಗಿರೋನು ಹೋದ ಅಂತ ಸಾರಥಿ ಕೇಳ್ದಾಗ ನಾನೇ ಹೇಳ್ಬೇಕು. ಆಮ್ಯಾಕೆ ಹೋಯ್ತೀನಿ," ಎಂದ. ಹೆಂಡತಿ ಬೈದಳು, ಅತ್ತಳು, ಮಾತು ಬಿಟ್ಟಳು. ಅವನು ಜಗಲಿ ಬಿಡಲಿಲ್ಲ.

ಕೆಮ್ಮು ನಿಂತು ಮೈ ತುಂಬಿಕೊಂಡ ಮೇಲೆ ಬೇರೆ ರಗಳೆ ಶುರುವಾಯಿತು. ಮಾತ್ರೆ ಸಾಕು ಎಂದು ಬಿಡತೊಡಗಿದ. ಬುದ್ಧಿ ಹೇಳಿ ಸೋತೆ. ಒಂದು ಬೆಳಿಗ್ಗೆ ಜಗಲಿಯ ಮುಂದೆ ನಿಂತು, ಸೆರಗು ಸಿಕ್ಕಿಸಿ, "ಬಂದಂಥವರು ಧಾರು?" ಎಂದು ಗರ್ಜಿಸಿದೆ. ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸುಳ್ಳು ಹೇಳುವಂತಿಲ್ಲ. "ಕೆಮ್ಮಾಸುರನೇ. ಇನ್ನೂ ಒಂದು ಕಾಲು ಒಳಗೈತೆ," ಎಂದು ಒಪ್ಪಿಕೊಂಡು ಮಾತ್ರೆ ನುಂಗಿದ. ಅಂದಿನಿಂದ ಇದೇ ಪದ್ಧತಿಯಾಯಿತು. ನಾನು ಕೇಳುವುದು, ಅವನು ಹೇಳುವುದು, ನುಂಗುವುದು. ಡಾಕ್ಟರು ವರದಿಯಲ್ಲಿ ಇದನ್ನು ಯಾವ ಶೀರ್ಷಿಕೆಯ ಕೆಳಗೆ ಹಾಕಬೇಕೆಂದು ತಿಳಿಯದೆ ಒದ್ದಾಡಿದರು. ಕಲೆಯೋ, ಸಮಾಜಕಾರ್ಯವೋ, ಔಷಧವೋ ಎಂದು ಪ್ರೊಫೆಸರರೂ ಕೇಳಿದರಂತೆ. ಮೂರನ್ನೂ ಬಿಡಿಸಿ ತೋರಿಸಲು ನಮಗೆ ಕೊನೆಗೂ ಆಗಲಿಲ್ಲ.

ಚಿಕಿತ್ಸೆಯ ಕೊನೆಯ ಕಫದಲ್ಲಿ ಏನೂ ಇರಲಿಲ್ಲ. ಡಾಕ್ಟರು ಪಟ್ಟಿಯನ್ನು ಮೂರು ಸಲ ತಿರುಗಿಸಿ ನೋಡಿದರು. ಬರೀ ನೀಲಿ. ಅಂದು ನಾವು ಮೂವರೂ ಬಸ್ಸು ಹತ್ತಿ ಹೋದೆವು. ರಕ್ಕಸ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಹೊಸ್ತಿಲ ಒಳಗೆ ಸೌಟು ಹಿಡಿದು ನಿಂತಿದ್ದಳು. ನಾನು ಪಟ್ಟಿಯ ವಿಷಯ ಎತ್ತದೆ, ಎದುರಿಗೆ ನಿಂತು ಕೇಳಿದೆ.

"ಬಂದಂಥವರು ಧಾರು?"

ಅವನು ಎದ್ದ. ಕೈ ಸೊಂಟಕ್ಕೆ ಹೋಯಿತು, ಎದೆ ಉಬ್ಬಿತು, ಬಾಯಿ ತೆರೆಯಿತು. ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡಿದ. ತೆರೆದ ಬಾಯಿ ಹಾಗೇ ನಿಂತಿತು. ಕೈ ಮೆಲ್ಲಗೆ ಕೆಳಗಿಳಿಯಿತು.

"ಯಾರೂ ಇಲ್ಲ ಕಣಮ್ಮ," ಎಂದ. "ಬರೀ ನಾನೇ."

ಹೊಸ್ತಿಲಿನಿಂದ ಅವನ ಹೆಂಡತಿ ಹೇಳಿದಳು: "ಬರೀ ನೀನೇ ಸಾಕು. ಒಳೀಕೆ ಬಾ, ಮುದ್ದೆ ಆರ್ತೈತೆ."